ಮುಳುಗಿದ ಹಡಗು, ಸುರಪುರದ ಗುಡ್ಡ

ನಾರಾಯಣಪುರದವರಿಗೆ ನೀರು ತೋರಿಸಿ ಬೆರಗುಗೊಳಿಸುವುದು ಅಷ್ಟು ಸುಲಭವಲ್ಲ ನೋಡ್ರಿ. ಆಲಮಟ್ಟಿಯಿಂದ ನೀರು ಬಿಟ್ಟರೆಂದರೆ ನಮ್ಮ ಬಸವಸಾಗರದ ಗೇಟುಗಳೂ ಏಳುತ್ತವೆ. ಒಟ್ಟು 30 ಗೇಟು. ಆ ಸಪ್ಪಳದಲ್ಲಿ ಪಕ್ಕದವರ ಮಾತೂ ಕಿವಿಗೆ ಬೀಳದು. ಹೆಂಡತಿ ಹೇಳಿದ ಕೆಲಸ ಕೇಳಿಸಲಿಲ್ಲ ಎನ್ನಲು ನನಗದು ಒಳ್ಳೆಯ ನೆಪ. ಹೀಗಾಗಿ ಸ್ಟಾಕ್‌ಹೋಮಿನಲ್ಲಿರುವ ಮಗಳು, "ಅಪ್ಪಾ, ಈ ಊರು 14 ದ್ವೀಪದ ಮ್ಯಾಲ ಐತಿ, ಎಲ್ಲಿ ನೋಡಿದ್ರೂ ನೀರ" ಎಂದಾಗ, "ಗೇಟ್ ಎಷ್ಟದಾವವ್ವಾ?" ಎಂದೆ.

ಅವಳನ್ನು ನೋಡಲು ಹೋದಾಗ ಗೊತ್ತಾಯಿತು, ಗೇಟು ಅಲ್ಲೂ ಇವೆ! ಸ್ಲುಸೆನ್ ಎಂಬಲ್ಲಿ ಮೇಲಾರೆನ್ ಸರೋವರದ ಸಿಹಿನೀರು ಬಾಲ್ಟಿಕ್ ಸಮುದ್ರಕ್ಕಿಳಿಯುತ್ತದೆ. ಎರಡರ ಮಟ್ಟದ ಅಂತರ ಸಾಮಾನ್ಯವಾಗಿ ಸೊಂಟದೆತ್ತರಕ್ಕೂ ಬಾರದು. ನಾನೇ ಡ್ಯಾಮು ಕಟ್ಟಿಸಿದವನಂತೆ ಮೀಸೆ ತಿರುವಿದೆ.

ಬಿಸಿಲನಾಡಿನವರೆಂಬ ನಮ್ಮ ಜಂಬವೂ ಅಲ್ಲಿ ನಡೆಯದು. ಜೂನ್‌ನಲ್ಲಿ ರಾತ್ರಿ ಹತ್ತರ ಸುಮಾರಿಗೆ ಸೂರ್ಯಾಸ್ತ. ಊಟಕ್ಕೆ ಕೂತರೆ ಸಂಜೆಯ ಚಹಾ ಇನ್ನೂ ಬಾಕಿ ಇದೆಯೇನೋ ಅನ್ನಿಸುತ್ತದೆ. ಚಹಾ ಎಂದೊಡನೆ ನೆನಪಾಯಿತು: ಹೊಚ್ಚ ಹೊಸ ಕ್ರೋನಾ ನೋಟು ಹಿಡಿದು ಅಂಗಡಿಗೆ ಹೋದರೆ, ನೋಟು ನಡೆಯುವುದಿಲ್ಲ, ಕಾರ್ಡೇ ಬೇಕು ಎಂದುಬಿಟ್ಟರು. ಕಿಸೆಯಲ್ಲಿ ರೊಕ್ಕವಿದ್ದೂ ಬಾಯಾರಿದವನು ನಾನು. ಇಷ್ಟು ಹೊಸ ಕಾಲದ ಊರಿನ ಹೆಸರು 1252ರ ದಾಖಲೆಯಲ್ಲೇ ಸಿಗುತ್ತದಂತೆ. ಹಳೇ ಪೇಟೆ ಗಾಮ್ಲಾಸ್ತಾನ್‌ನ ಒಂದು ಗಲ್ಲಿ ಒಂದೆಡೆ 90 ಸೆಂಟಿಮೀಟರ್ ಅಗಲವಷ್ಟೇ. ಎದುರಿಗೊಬ್ಬ ದಢೂತಿ ಪ್ರವಾಸಿ ಬಂದ. ಇಬ್ಬರೂ ಹೊಟ್ಟೆ ಒಳಗೆಳೆದುಕೊಂಡು ಪರಸ್ಪರ ಗೌರವದಿಂದ ದಾಟಿದೆವು.

ನನಗೆ ಹಿಡಿಸಿದ್ದು ಮಾತ್ರ 'ವಾಸಾ' ಹಡಗು. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ, 64 ತೋಪುಗಳ ಯುದ್ಧನೌಕೆ. ಕಣಕಿ ಹೇರಿದ ಬಂಡಿಯಂತೆ ಮೇಲೆಲ್ಲ ಭಾರ. ಪರೀಕ್ಷೆಗೆಂದು 30 ಜನರನ್ನು ಅಟ್ಟದ ಮೇಲೆ ಆಚೀಚೆ ಓಡಿಸಿದರೆ ಹಡಗು ತೂರಾಡಿತು. ಓಟ ನಿಲ್ಲಿಸಿದರು, ಹಡಗನ್ನು ಬಿಟ್ಟರು. 1628ರ ಆಗಸ್ಟ್ 10ರಂದು ಹೊರಟದ್ದು ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಮುಳುಗಿತು. ತನಿಖೆಯಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಇದನ್ನು ಕೇಳಿ ನನಗೆ ತವರಿಗೆ ಬಂದಷ್ಟು ಹಿತವಾಯಿತು. 1961ರಲ್ಲಿ ಮೇಲೆತ್ತಿ, ಈಗ ಟಿಕೆಟ್ ಇಟ್ಟು ತೋರಿಸುತ್ತಿದ್ದಾರೆ.

ಸ್ಟಾಕ್‌ಹೋಮಿನಂತೆ ನಮ್ಮ ಸುರಪುರವೂ ಒಂದು ಕಾಲದ ರಾಜಧಾನಿಯೇ. ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆ 'ಟೇಲರ್ ಮಂಜಿಲ್' ಇದೆ. ಅವನನ್ನು 'ಅಪ್ಪಾ' ಎನ್ನುತ್ತ ಬೆಳೆದ ರಾಜಾ ವೆಂಕಟಪ್ಪ ನಾಯಕ, 1858ರಲ್ಲಿ ಅದೇ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ನಾನೋ ಕಚೇರಿ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಒಗ್ಗರಣಿ-ಮಿರ್ಚಿ ತಿಂದು, ಗುಡ್ಡಕ್ಕೆ ಬೆನ್ನು ಮಾಡಿ ಬಸ್ಸು ಹತ್ತುತ್ತಿದ್ದವ. ಯುದ್ಧಕ್ಕೇ ಹೋಗದೆ ಮುಳುಗಿದ ಹಡಗಿಗೆ ಅಷ್ಟು ಮರ್ಯಾದೆ. ಕಾದಾಡಿ ಸೋತ ರಾಜನ ಊರಿಗೆ ನಮ್ಮಿಂದ ಇಷ್ಟೇ.

ಸ್ಟಾಕ್‌ಹೋಮಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಅದಕ್ಕೂ ಮೊದಲು ಒಮ್ಮೆ ಸುರಪುರದ ಗುಡ್ಡ ಹತ್ತಿ ಬನ್ನಿ. ಅಲ್ಲಿ ಚಹಾದಂಗಡಿಯವರು ನೋಟು ತಗೋತಾರ.