ಮೋಗ್ಲಿಯ ಮೇಲೆ ಮಳೆ

ಟೀವಿಯೊಳಗೆ ಮಳೆ ಬರುತ್ತಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಹೆಂಚಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಅಂಗಳದಲ್ಲಿ ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವವನೊಬ್ಬ, ಒಳಗೆ ಕುಳಿತು ಇಬ್ಬರನ್ನೂ ಬೈಯುವವರು ಮಿಕ್ಕವರೆಲ್ಲ. ಅಂದಿನ ದೂರದರ್ಶನ ಹೀಗೆ ಇಡೀ ಮನೆಯ ಶ್ರಮದಾನದಿಂದ ನಡೆಯುತ್ತಿತ್ತು. ಕೋಲ್ಕತ್ತದಲ್ಲೂ ಇದೇ ಕತೆ. ಅಲ್ಲಿ 1975ರ ಆಗಸ್ಟಿನಲ್ಲಿ ದೂರದರ್ಶನ ಬಂತು. ಜೊತೆಗೆ ಚುಕ್ಕಿಗಳ ಮಳೆಯೂ ಬಂತು. ಬಂಗಾಳಿಗಳು ಅದಕ್ಕೆ "ಝಿರ್‌ಝಿರ್" ಎನ್ನುತ್ತಾರೆ. ನಮ್ಮ ಕಡೆ ಅದನ್ನು ಕಂಡರೆ ಸಿಟ್ಟು ಬರುತ್ತಿತ್ತು, ಅವರಿಗೆ ಅದರಲ್ಲೂ ಒಂದು ರಾಗ ಕೇಳುತ್ತಿತ್ತು.

ನಾನು ಕೋಲ್ಕತ್ತಕ್ಕೆ ಬಂದದ್ದು ಮದುವೆಯ ದೆಸೆಯಿಂದ. ಮಾವನವರ ಮನೆ ಲೇಕ್ ಮಾರ್ಕೆಟ್ ಹತ್ತಿರ. ತಲೆಮಾರುಗಳಿಂದ ದಕ್ಷಿಣದವರು ನೆಲೆಸಿರುವ ಜಾಗ. ಕರಿಬೇವು, ಬಾಳೆಎಲೆ, ಕಾಫಿಪುಡಿ ಯಾವುದಕ್ಕೂ ಬರವಿಲ್ಲ. ಆ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ವಿಎಚ್‌ಎಸ್ ಕ್ಯಾಸೆಟ್‌ಗಳು. 1993ರ ಭಾನುವಾರದ ಬೆಳಿಗ್ಗೆಗಳಲ್ಲಿ ಮಗಳಿಗಾಗಿ ಮಾವನವರು ದೂರದರ್ಶನದಿಂದ ತುಂಬಿಸಿಟ್ಟ 'ಜಂಗಲ್ ಬುಕ್'. ಅದು ಜಪಾನಿನ ಅನಿಮೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಿಪ್ಪಾನ್ ಅನಿಮೇಶನ್ 1989ರಲ್ಲಿ ತಯಾರಿಸಿದ 52 ಕಂತುಗಳ ಸರಣಿ ಅದು. ಹಾಡು ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್, ಶೇರ್ ಖಾನನ ದನಿ ನಾನಾ ಪಾಟೇಕರ್‌ದು. ಹುಡುಗ ಮೋಗ್ಲಿ ಸಿವನಿ ಕಾಡಿನವನು, ಕತೆ ಇಂಗ್ಲಿಷಿನದು, ಚಿತ್ರ ಜಪಾನಿನದು, ಮಾತು ಹಿಂದಿ, ನೋಡಿದ್ದು ಬಂಗಾಳದಲ್ಲೊಂದು ಕನ್ನಡದ ಮನೆ. ರಾಷ್ಟ್ರೀಯ ಭಾವೈಕ್ಯದ ಬಗ್ಗೆ ಭಾಷಣ ಮಾಡುವವರು ಆ ಟ್ರಂಕನ್ನೊಮ್ಮೆ ನೋಡಬೇಕು.

"ಇವನ್ನು ಶುದ್ಧ ಮಾಡಿ ಕಂಪ್ಯೂಟರಿಗೆ ಹಾಕಿಕೊಡಿ, ನೀವು ಸಾಫ್ಟ್‌ವೇರಿನವರಲ್ಲವೇ" ಎಂದರು ಮಾವ. ಸಾಫ್ಟ್‌ವೇರಿನವರಿಗೆ ಪ್ರಿಂಟರಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವೂ ಗೊತ್ತಿರಬೇಕೆಂಬುದು ಅಳಿಯಂದಿರ ಮಟ್ಟಿಗೆ ಅಲಿಖಿತ ಕಾನೂನು.

ಮೊದಲ ಶತ್ರು ಹವೆ. ಕೋಲ್ಕತ್ತದ ತೇವಕ್ಕೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ; ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು. ಅದನ್ನು ಹಾಗೇ ಓಡಿಸಿದರೆ ವಿಸಿಆರ್‌ನ ಹೆಡ್ಡಿಗೂ ಬೂಷ್ಟು ಮೆತ್ತುತ್ತದೆ. ಹೊಸ ವಿಸಿಆರ್ ಕೊಳ್ಳೋಣವೆಂದರೆ, ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಕೈಮುಗಿದಿದೆ. ಆದ್ದರಿಂದ ಹಳೆಯದನ್ನೇ ಹೊತ್ತುಕೊಂಡು ಚಾಂದನಿ ಮಾರ್ಕೆಟ್ಟಿಗೆ ಹೋದೆ. ಇಡೀ ಪೂರ್ವ ಭಾರತದ ಕೆಟ್ಟ ಯಂತ್ರಗಳು ಮೋಕ್ಷ ಬಯಸಿ ಬರುವ ಕ್ಷೇತ್ರ ಅದು. ರಿಪೇರಿಯವರು ಮುಚ್ಚಳ ಬಿಚ್ಚಿ, ಚಹಾ ತರಿಸಿ, "ಹೊಯೆ ಜಾಬೆ, ದಾದಾ" ಎಂದರು. ಆಗಿಹೋಗುತ್ತದೆ ಎಂದರೇನೋ ನಿಜ, ಯಾವಾಗ ಎಂಬುದು ಅದರಲ್ಲಿಲ್ಲ. ಮುಂದೆ ಕಂಪ್ಯೂಟರಿನಲ್ಲಿ ರೆಂಡರಿಂಗಿನ ಪಟ್ಟಿ ಶೇಕಡಾ 3ರಲ್ಲಿ ನಿಂತಾಗಲೆಲ್ಲ ನನಗೆ ಅವರ ದನಿಯೇ ಕೇಳಿಸುತ್ತಿತ್ತು.

ಚಿತ್ರ ಬಂತು. ಮೋಗ್ಲಿಯ ಮುಖದ ತುಂಬ ಇರುವೆ ಹರಿದಾಡಿದಂತೆ ಚುಕ್ಕಿ. ವಿಎಚ್‌ಎಸ್ ಹಿಡಿದಿಡುವುದೇ ಸುಮಾರು 240 ಗೆರೆಯಷ್ಟು ವಿವರ. ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಹುಡುಗನ ಕೆಂಪು ಚಡ್ಡಿ ಪಕ್ಕದ ಮರಕ್ಕೂ ಒಂದಿಷ್ಟು ಬಣ್ಣ ದಾನ ಮಾಡಿತ್ತು. ಸಾಫ್ಟ್‌ವೇರಿನಲ್ಲಿ ನಾಯ್ಸ್ ಎಂಬ ಈ ಚುಕ್ಕಿ ತೆಗೆಯುವ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ. ಚುಕ್ಕಿ ಹೋಯಿತು, ಹುಬ್ಬೂ ಹೋಯಿತು. ಬಘೀರನಂತೂ ಕಪ್ಪು ಚಿರತೆ, ದೃಶ್ಯ ರಾತ್ರಿಯದು. ಅವನು ಕತ್ತಲಲ್ಲಿ ಪೂರ್ತಿ ಕರಗಿ, ಎರಡು ಹಳದಿ ಕಣ್ಣು ಮಾತ್ರ ಉಪದೇಶ ಮಾಡುತ್ತಾ ನಿಂತವು. ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ಉಜ್ಜಿದರೆ ಆಗುವುದೇ ಹೀಗೆ: ಯಂತ್ರಕ್ಕೆ ಸಣ್ಣ ಗೆರೆಗೂ ಸಣ್ಣ ಕೊಳೆಗೂ ಭೇದ ತಿಳಿಯುವುದಿಲ್ಲ.

ಇಲ್ಲಿ ಕೈಹಿಡಿಯುವುದು ಅನಿಮೆಯವರ ಬಡತನ. 1963ರಲ್ಲಿ ಒಸಾಮು ತೆಜುಕಾ 'ಆಸ್ಟ್ರೋ ಬಾಯ್' ಸರಣಿ ಮಾಡುವಾಗ ಕೈಯಲ್ಲಿ ಹಣವಿಲ್ಲ, ವಾರಕ್ಕೊಂದು ಕಂತು ಬೇರೆ ಕೊಡಬೇಕು. ಹಾಗಾಗಿ ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದರು. ಸೆಕೆಂಡಿಗೆ 24 ಫ್ರೇಮ್ ಓಡಿದರೂ ಎಷ್ಟೋ ಕಡೆ ಹೊಸ ಚಿತ್ರ ಎಂಟೇ. ಒಂದೊಂದು ಮೂರು ಫ್ರೇಮ್ ನಿಲ್ಲುತ್ತದೆ. ಹಿನ್ನೆಲೆಯ ಕಾಡಂತೂ ಕದಲುವುದೇ ಇಲ್ಲ. ಚಿತ್ರ ಅದೇ, ಅದರ ಮೇಲಿನ ಚುಕ್ಕಿ ಮಾತ್ರ ಪ್ರತಿ ಫ್ರೇಮಿನಲ್ಲೂ ಬೇರೆ. ಹಲವು ಫ್ರೇಮುಗಳ ಸರಾಸರಿ ತೆಗೆದರೆ ಚುಕ್ಕಿಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಗೆರೆ ಉಳಿಯುತ್ತದೆ. ಜಪಾನಿನವರು ಅಂದು ಉಳಿಸಿದ ಕಾಸು ನಮ್ಮ ಮೋಗ್ಲಿಯ ಹುಬ್ಬನ್ನು ಉಳಿಸಿತು.

ಆದರೆ ಸರಾಸರಿಗೂ ತನ್ನದೇ ಜಿಪುಣತನವಿದೆ. ನಾಲ್ಕು ಫ್ರೇಮ್ ಸೇರಿಸಿದರೆ ನಾಯ್ಸ್ ಅರ್ಧವಾಗುತ್ತದೆ. ಮತ್ತೆ ಅರ್ಧವಾಗಬೇಕೆಂದರೆ ಹದಿನಾರು ಬೇಕು. ಅಷ್ಟರಲ್ಲಿ ಮೋಗ್ಲಿ ಬಳ್ಳಿ ಹಿಡಿದು ಹಾರಿದನೋ, ಅವನ ಹಿಂದೆ ಮೂರು ದೆವ್ವದ ಮೋಗ್ಲಿಗಳೂ ಹಾರುತ್ತವೆ.

ಇಂಥ ಲೆಕ್ಕಕ್ಕೆ ಮಿತಿ ಎಳೆದ ಸಂಸ್ಥೆ ನಮ್ಮ ಮನೆಯಿಂದ ದೂರವೇನಿಲ್ಲ. ಊರಿನ ಉತ್ತರಕ್ಕೆ ಬರಾನಗರದಲ್ಲಿ, ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದಿಳಿದದ್ದೂ 1950ರ ದಶಕದಲ್ಲಿ ಅಲ್ಲೇ. ಸಿ.ಆರ್. ರಾವ್ ಅಲ್ಲಿಗೆ ಸೇರಿದ್ದು 1941ರಲ್ಲಿ. ಅವರು ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಮನೆಮಾತು ತೆಲುಗು, ಓದಿದ್ದು ಆಂಧ್ರದಲ್ಲಿ, ದುಡಿದದ್ದು ಕಲ್ಕತ್ತೆಯಲ್ಲಿ. ಹಾಗಾಗಿ ಅವರು ನಮ್ಮವರೆಂದು ಮೂರು ರಾಜ್ಯದವರೂ ಹೇಳುತ್ತಾರೆ. ನಾನಂತೂ ಹಡಗಲಿಯ ಮಲ್ಲಿಗೆಯ ಹಕ್ಕಿನಿಂದ ಹೇಳುತ್ತೇನೆ. ಇನ್ನೂ ಇಪ್ಪತ್ತರ ಹರೆಯದಲ್ಲಿ, 1945ರಲ್ಲಿ, ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಅವರೊಂದು ಲೇಖನ ಬರೆದರು. ಮಾಹಿತಿ ಇಷ್ಟೇ ಇದ್ದರೆ, ಪಕ್ಷಪಾತವಿಲ್ಲದ ಅಂದಾಜು ಇದಕ್ಕಿಂತ ನಿಖರವಾಗಲು ಸಾಧ್ಯವೇ ಇಲ್ಲ ಎಂಬ ಗೆರೆಯನ್ನು ಅದರಲ್ಲಿ ಎಳೆದರು. ಕ್ರೇಮರ್–ರಾವ್ ಮಿತಿ ಎಂದು ಜಗತ್ತು ಕರೆಯುವುದು ಅದನ್ನೇ. 2023ರಲ್ಲಿ, 102 ತುಂಬಿದ ಮೇಲೆ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರನ್ನು ಹುಡುಕಿಕೊಂಡು ಬಂತು. ಅಷ್ಟು ತಡವಾದ ರೆಂಡರಿಂಗಿನ ಮುಂದೆ ನನ್ನ ಲ್ಯಾಪ್‌ಟಾಪ್ ಏನೂ ಅಲ್ಲ.

ಈ ಮಿತಿಯನ್ನು ದಾಟುತ್ತೇವೆಂದು ಎಐ ಸಾಫ್ಟ್‌ವೇರುಗಳು ಹೇಳುತ್ತವೆ. 2015ರಲ್ಲಿ ಬಂದ ವೈಫು2ಎಕ್ಸ್ ಅನಿಮೆಗೆಂದೇ ಹುಟ್ಟಿದ್ದು. ಅದರ ನಂತರದ ಪೀಳಿಗೆಗೆ ಬಘೀರನನ್ನು ಕೊಟ್ಟೆ. ಮೀಸೆಯ ಕೂದಲು ಒಂದೊಂದೂ ಹೊಳೆಯುವ ಹಾಗೆ ವಾಪಸ್ ಬಂತು. ನನ್ನ ಹೆಂಡತಿ ನೋಡಿ, "ಚೆನ್ನಾಗಿದೆ, ಯಾರಿದು?" ಎಂದಳು. ಸರಿಯಾದ ಪ್ರಶ್ನೆ. ಯಂತ್ರ ಸಾವಿರಾರು ಬೇರೆ ಚಿತ್ರಗಳನ್ನು ನೋಡಿ ಕಲಿತದ್ದನ್ನು ಇವನ ಮುಖಕ್ಕೆ ಅಂಟಿಸುತ್ತದೆ. ಪಕ್ಷಪಾತ ಬೆರೆಸಿದರೆ ಮಿತಿ ದಾಟಬಹುದು, ಆದರೆ ಹೊಸದಾಗಿ ಬಂದ ಮೀಸೆ ಟೇಪಿನದಲ್ಲ.

ಇನ್ನು ವೇಗದ ಮಾತು. ಜೂನ್ ತಿಂಗಳ ಕೋಲ್ಕತ್ತದಲ್ಲಿ ಪ್ರೊಸೆಸರ್ ಕೂಡ ಮನುಷ್ಯರಂತೆಯೇ. ಕಾದರೆ ಕೆಲಸ ನಿಧಾನ ಮಾಡುತ್ತದೆ. ಟೇಬಲ್ ಫ್ಯಾನು ಲ್ಯಾಪ್‌ಟಾಪಿಗೋ ಮಾವನವರಿಗೋ ಎಂಬ ಚರ್ಚೆ ಮನೆಯಲ್ಲಿ ಹಲವು ದಿನ ನಡೆದು, ಹಿರಿತನ ಗೆದ್ದಿತು. ಆಗ ಬುದ್ಧಿಯನ್ನೇ ಓಡಿಸಬೇಕಾಯಿತು. ಹೆಚ್ಚಿನವರು ಚಿತ್ರವನ್ನು ಮೊದಲು ದೊಡ್ಡದು ಮಾಡಿ ಆಮೇಲೆ ನಾಯ್ಸ್ ತೆಗೆಯುತ್ತಾರೆ. ಅಗಲ, ಎತ್ತರ ಎರಡನ್ನೂ ಇಮ್ಮಡಿಸಿದರೆ ಪಿಕ್ಸೆಲ್ ನಾಲ್ಕು ಪಟ್ಟು, ಹೆಚ್ಚುಕಡಿಮೆ ಕೆಲಸವೂ ನಾಲ್ಕು ಪಟ್ಟು. ಕಲ್ಲು ಆರಿಸುವುದು ಅಕ್ಕಿಯಲ್ಲಿರುವಾಗ, ಅನ್ನವಾದ ಮೇಲಲ್ಲ. ಮೊದಲು ಇಂಟರ್‌ಲೇಸಿನ, ಅಂದರೆ ಚಿತ್ರವನ್ನು ಗೆರೆ ಬಿಟ್ಟು ಗೆರೆ ತುಂಬುವ ಪದ್ಧತಿಯ, ಬಾಚಣಿಗೆ ಹಲ್ಲುಗಳನ್ನು ಬಿಡಿಸಬೇಕು, ಅಂಚಿನ ಕಪ್ಪು ಪಟ್ಟಿ ಕತ್ತರಿಸಬೇಕು, ನಾಯ್ಸ್ ತೆಗೆಯಬೇಕು, ಕೊನೆಗೆ ಹಿಗ್ಗಿಸಬೇಕು. ಸಾಧ್ಯವಾದ ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೊರಿಸಬೇಕು. 'ಅತಿ ನಿಧಾನ' ಎಂಬ ಪ್ರಿಸೆಟ್ ಆರಿಸಿದವರಿಗೆ ಸಿಗುವುದು ತುಸು ಚಿಕ್ಕ ಫೈಲು, ತುಂಬ ದೊಡ್ಡ ವಿದ್ಯುತ್ ಬಿಲ್ಲು. ಕಂತನ್ನು ತುಂಡುತುಂಡಾಗಿ ರೆಂಡರ್ ಮಾಡಿದರೆ ಬೇಸಿಗೆಯ ಬಿರುಗಾಳಿ ಕಾಲಬೈಶಾಖಿಗೆ ಕರೆಂಟು ಹೋದಾಗ ಒಂದು ತುಂಡು ಮಾತ್ರ ಹೋಗುತ್ತದೆ.

ಇಷ್ಟಾಗಿಯೂ ಗೋಡೆಯಂತೆ ನುಣ್ಣಗಾದ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣದ ಪಟ್ಟಿ ಕಾಣಿಸಿತು. ಅದನ್ನು ಮರೆಸಲು ಬಲ್ಲವರು ಮಾಡುವುದೇನು ಗೊತ್ತೆ? ಸ್ವಲ್ಪ ಚುಕ್ಕಿ ವಾಪಸ್ ಹಾಕುತ್ತಾರೆ! ರಾತ್ರಿಯಿಡೀ ತೆಗೆದದ್ದನ್ನು ಬೆಳಿಗ್ಗೆ ಚಿಟಿಕೆಯಷ್ಟು ಉದುರಿಸುವುದು. ಮಾವನವರಿಗೆ ಇದನ್ನು ವಿವರಿಸಲು ಹೋಗಲಿಲ್ಲ.

ನಿಜವಾದ ಶುದ್ಧೀಕರಣ ಬೇರೆಯೇ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟಿತು. ಉಳಿದ ಭಾಗವನ್ನು ಇಟಲಿಯ ಬೊಲೋನ್ಯಾದಲ್ಲಿ ಸುಮಾರು ಸಾವಿರ ಗಂಟೆ ಕೈಯಿಂದಲೇ ನೇರ್ಪಡಿಸಿದರು. 2015ರಲ್ಲಿ ಅಪು ಮತ್ತೆ ತೆರೆಗೆ ಬಂದ. ಯುಗೊ ಸಾಕೊ ಅವರ ಜಪಾನಿ ಅನಿಮೆ ರಾಮಾಯಣವೂ 4ಕೆ ರೂಪದಲ್ಲಿ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಅವರ ಬಳಿ ಫಿಲ್ಮ್ ಇತ್ತು. ನಮ್ಮ ಬಳಿ ಇರುವುದು ಟೇಪು, ಅದರ ಮೇಲೆ ಬೂಷ್ಟು.

ಹಾಗಾಗಿ ನಿಮ್ಮ ಅಟ್ಟದಲ್ಲೂ ಇಂಥ ಟ್ರಂಕಿದ್ದರೆ ಶುದ್ಧ ಮಾಡುವ ಚಿಂತೆ ಆಮೇಲೆ ಇರಲಿ. ಮುಂದಿನ ಮಳೆಗಾಲಕ್ಕೆ ಮೊದಲು ಇದ್ದದ್ದನ್ನು ಇದ್ದಂತೆ, ಚುಕ್ಕಿ ಸಮೇತ, ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆ ಕಚ್ಚಾ ಪ್ರತಿಯನ್ನು ಎರಡು ಕಡೆ ಇಡಿ, ಎಷ್ಟೇ ಜಾಗ ತಿಂದರೂ ಅಳಿಸಬೇಡಿ. ನಾಯ್ಸ್ ತೆಗೆಯುವ ಸಾಫ್ಟ್‌ವೇರು ವರ್ಷ ವರ್ಷ ಸುಧಾರಿಸುತ್ತದೆ. ಟೇಪು ವರ್ಷ ವರ್ಷ ಕೆಡುತ್ತದೆ.