ನೆಟ್ ಭಟ್ರು

ಶಿರಸಿಗೊಬ್ಬರು, ಸಿದ್ದಾಪುರಕ್ಕೊಬ್ಬರು, ಯಲ್ಲಾಪುರಕ್ಕೊಬ್ಬರು ನೆಟ್ ಭಟ್ರು ಇದ್ದೇ ಇರುತ್ತಾರೆ. ತೋಟ ನೋಡಿಕೊಳ್ಳಲೆಂದು ಓದು ಬಿಟ್ಟು ಊರಿಗೆ ಬಂದವರು. ಕೊನೆಗೌಡನನ್ನು ಹುಡುಕುವುದಕ್ಕಿಂತ ಕೇಬಲ್ಲಿನ ತಪ್ಪು ಹುಡುಕುವುದು ಸುಲಭ ಎಂದು ಕಂಡುಕೊಂಡವರು. ಬೈಕಿನ ಚೀಲದಲ್ಲಿ ಕ್ರಿಂಪಿಂಗ್ ಟೂಲು, ಅದಕ್ಕಂಟಿಕೊಂಡು ಕವಳದ ಸಂಚಿ. ಫೋನ್ ಮಾಡಿದರೆ "ದಾರಿ ಮೇಲಿದ್ದಿ" ಎನ್ನುತ್ತಾರೆ. ಹಿಂದೆ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿರುತ್ತದೆ.

ನಮ್ಮದು ಆರು ಕಂಪ್ಯೂಟರಿನ ಆಫೀಸು. ಒಳಕೋಣೆಗೆ ಹೊಸ ಸರ್ವರ್ ಬಂದು ವಾರವಾಗಿತ್ತು. ಮೂರು ಕಂಪ್ಯೂಟರಿಗೆ ಅದು ಸಿಗುತ್ತದೆ, ಉಳಿದ ಮೂರಕ್ಕೆ ಇಲ್ಲ. ಹಾಗಂತ ಆ ಮೂರರಲ್ಲೂ ಯೂಟ್ಯೂಬ್ ಮಾತ್ರ ಸೊಗಸಾಗಿ ಓಡುತ್ತದೆ!

ಭಟ್ರು ಬಂದರು. ಆಸರಿಗೆ ಆಯಿತು. ಕವಳ ಹಾಕಿದರು; ಅಂದರೆ ಇನ್ನು ಯಾವ ಪ್ರಶ್ನೆಗೂ ಉತ್ತರವಿಲ್ಲ. ಕಪ್ಪು ಪರದೆ ತೆರೆದು ಸರ್ವರಿನ ಅಂಕಿ 192.168.1.10ಕ್ಕೆ ಪಿಂಗ್ ಮಾಡಿದರು, ಉತ್ತರ ಬಂತು. ಅದೇ ಸರ್ವರನ್ನು ಹೆಸರು ಹಿಡಿದು ಕರೆದರು, ಬರಲಿಲ್ಲ. ಹೊರಗೆ ಹೋಗಿ ಉಗುಳಿ ಬಂದು ಹೇಳಿದರು: "ಆಳು ಮನೇಲೇ ಇದ್ದ. ಹೆಸರು ಗೊತ್ತಿಲ್ಲೆ, ಅಷ್ಟೇಯ."

ಆಮೇಲೆ ಪುರಾಣ ಶುರು. ಒಂದು ಕಾಲಕ್ಕೆ ನೆಟ್ಟಿನ ಎಲ್ಲ ಯಂತ್ರಗಳ ಹೆಸರೂ ಸ್ಟ್ಯಾನ್‌ಫರ್ಡಿನ ಸಂಶೋಧನಾ ಸಂಸ್ಥೆಯೊಂದರ ಒಂದೇ ಕಡತದಲ್ಲಿ ಇರುತ್ತಿದ್ದವಂತೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವನು, ಹೆಸರಿಗೆ ಅಂಕಿ ಹುಡುಕಿಕೊಡುವ ಡಿಎನ್‌ಎಸ್ ಕಟ್ಟಿದ. ಅದು ಥೇಟ್ ನಮ್ಮ ಸಂಕಲ್ಪವೇ: ಜಂಬೂದ್ವೀಪದಿಂದ ಹೊರಟು ಭರತಖಂಡಕ್ಕೆ ಇಳಿದು, ಕಡೆಗೆ ಮನೆ ಮುಟ್ಟುವುದು. ಶಿರಸಿ ಪೇಟೆಯಲ್ಲಿ ನಿಂತು ಬರೀ "ಹೆಗಡೇರ ಮನೆ ಎಲ್ಲಿ?" ಎಂದರೆ ಯಾರು ತೋರಿಸುತ್ತಾರೆ? ಊರು ಹೇಳಬೇಕು, ಕೇರಿ ಹೇಳಬೇಕು, ಮೇಲಿನಮನೆಯೋ ಕೆಳಗಿನಮನೆಯೋ ಹೇಳಬೇಕು.

ಸೆಟ್ಟಿಂಗ್ಸ್ ತೆರೆದವರೇ ಕೆಂಡವಾದರು. ಮೂರರಲ್ಲೂ ಡಿಎನ್‌ಎಸ್ ಜಾಗದಲ್ಲಿ 8.8.8.8 ಕೂತಿತ್ತು.

"ಇದು ಗೂಗಲ್ಲಿಂದು! ಲೋಕದ ಹೆಸರೆಲ್ಲ ಅದಕ್ಕೆ ಗೊತ್ತಿದ್ದು. ನಿಂಗಳ ಒಳಕೋಣೆ ಹ್ಯಾಂಗೆ ಗೊತ್ತಿರ್ತು ತಮಾ?"

ಅದನ್ನು ಅಳಿಸಿ ನಮ್ಮ ಸರ್ವರಿನ ಅಂಕಿಯನ್ನೇ ಹಾಕಿದರು. ಹೊರಗಿನ ಹೆಸರು ಬೇಕಾದರೆ ಸರ್ವರೇ ಗೂಗಲ್ಲನ್ನು ಕೇಳಿಕೊಳ್ಳಲಿ ಎಂದು ಅದಕ್ಕೊಂದು ಸಾಲು ಬರೆದರು. ಹಳೆಯ ನೆನಪು ಉಳಿಯಬಾರದೆಂದು ಫ್ಲಶ್‌ಡಿಎನ್‌ಎಸ್ ಕೊಟ್ಟರು. ಸರ್ವರ್ ಸಿಕ್ಕಿತು.

"ಯಾವ ಪುಣ್ಯಾತ್ಮನಾ ಇದರ ಹಾಕಿದ್ದು?" ಎಂದು ಗುಡುಗಿದರು.

ನಮ್ಮ ಹುಡುಗ ಮಾತಾಡದೆ ಮಾನಿಟರನ್ನು ತಿರುಗಿಸಿದ. ಹಿಂದೆ ಚೀಟಿ ಅಂಟಿತ್ತು: "8.8.8.8 ಹಾಕಿದೆ. ಯಾರೂ ಮುಟ್ಟಬಾರದು." ಕೆಳಗೆ ಹೋದ ಮಳೆಗಾಲದ ತಾರೀಕು, ಭಟ್ರದೇ ಸಹಿ.

ಭಟ್ರು ಇನ್ನೊಂದು ಕವಳ ಹಾಕಿದರು.