ಆಡು ಮುಟ್ಟದ ಸೊಪ್ಪು

ದುಬೈಯಲ್ಲಿ ದಸರೆಗೆ ಚೆಂಡುಹೂವು, ಬಾಳೆಎಲೆ, ಬೂದುಗುಂಬಳ ಎಲ್ಲವೂ ಸಿಗುತ್ತವೆ. ಅಂಗಡಿಯಲ್ಲಿ ಸಿಗದ್ದು ಬನ್ನಿ ಎಲೆ ಮಾತ್ರ. ಹಾಗೆಂದು ಮರಕ್ಕೇನೂ ಬರವಿಲ್ಲ. ಇಲ್ಲಿನವರು ಘಾಫ್ ಎಂದು ಕರೆಯುವ, 2008ರಲ್ಲಿ ಯುಎಇಯ ರಾಷ್ಟ್ರೀಯ ಮರವಾದ ಪ್ರೊಸೋಪಿಸ್ ಸಿನರೇರಿಯಾ ನಮ್ಮ ಬನ್ನಿಯೇ. ಇದನ್ನು ಅತ್ತೆಯ ಮುಂದೆ ಹೇಳಿ, ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದನ್ನೂ ಸೇರಿಸಿದೆ. ಬಳ್ಳಾರಿಯಿಂದ ಬಂದಿದ್ದ ಅವರು, "ಹಂಗಾರ ಬನ್ನಿ ಬಂಗಾರ ತರ್ರಿ ಅಳಿಯಂದ್ರ" ಎಂದುಬಿಟ್ಟರು.

ಘಾಫ್ ಕಡಿದರೆ ದಂಡ. ಎಲೆ ಕಿತ್ತರೆ? ಕೇಳಿದರೆ ಬೇಡವೆಂದಾರು ಎಂದು ಯಾರನ್ನೂ ಕೇಳಲಿಲ್ಲ. ರಾತ್ರಿ ಊರಾಚೆ ಕಾರು ನಿಲ್ಲಿಸಿ ಮೊಬೈಲ್ ಬೆಳಕಿನಲ್ಲಿ ವರ್ಗೀಕರಣ ಆರಂಭಿಸಿದೆ. ಮುಳ್ಳಿದೆ, ಸಣ್ಣ ಸಣ್ಣ ಎಲೆಯಿದೆ, ಮರಳಲ್ಲೂ ಹಸಿರಾಗಿದೆ. ಇನ್ನೇನು ಬೇಕು? ಲಿನೇಯಸ್‌ನಂಥ ಲಿನೇಯಸ್ಸೇ 1753ರಲ್ಲಿ ಬನ್ನಿಯನ್ನು ಮುಟ್ಟಿದರೆ ಮುನಿಯ ಜೊತೆ ಮಿಮೋಸ ಕುಲದಲ್ಲಿ ಕೂರಿಸಿದ್ದ. ಅಷ್ಟರಲ್ಲಿ ಯಾವುದೋ ವಾಹನದ ದೀಪ ಕಂಡಿತು. ಪೊದೆಯೊಳಗೆ ಅವಿತೆ. ವಾಹನ ಹೋಯಿತು, ಪ್ಯಾಂಟೂ ಹೋಯಿತು.

ಚೀಲ ತುಂಬಿಕೊಂಡು ಬಂದು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ "ಬನ್ನಿ ಲಭ್ಯ" ಎಂದು ಹಾಕಿದೆ. ಬೆಳಿಗ್ಗೆಯೊಳಗೆ ಅರ್ಧ ಖಾಲಿ. ಆಮೇಲೆ ಅತ್ತೆ ಒಂದು ಕಡ್ಡಿ ಎತ್ತಿ ನೋಡಿದರು.

"ಇದು ನಮ್ಮ ಬಳ್ಳಾರಿ ಜಾಲಿ ಐತ್ರೀ! ಇದರ ಎಲಿ ಆಡೂ ಮೂಸಂಗಿಲ್ಲ."

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆ ಗಾದೆಗಿರುವ ಅಪವಾದವನ್ನೇ ನಾನು ಹುಡುಕಿ, ಕೈಯೆಲ್ಲ ಗೀರಿಸಿಕೊಂಡು ತಂದಿದ್ದೆ. ಅಮೆರಿಕ ಖಂಡದಿಂದ ಬಂದು ಅಲ್ಲೂ ಇಲ್ಲೂ ಹಬ್ಬಿರುವ ಕಳೆ ಅದು. ಬುಡಸಮೇತ ಕಿತ್ತಿದ್ದರೆ ಇಲ್ಲಿನವರು ಶಾಲು ಹೊದಿಸುತ್ತಿದ್ದರೇನೋ.

ಸೋಲೊಪ್ಪುವುದುಂಟೆ? "ಎರಡೂ ಪ್ರೊಸೋಪಿಸ್ ಕುಲವೇ ಅತ್ತೆ. ಅರ್ಜೆಂಟೀನಾದ ಬರ್ಕಾರ್ಟ್ 1976ರಲ್ಲಿ 44 ಪ್ರಭೇದಗಳನ್ನು ಒಂದೇ ಚಪ್ಪರದಡಿ ಕೂರಿಸಿದ್ದಾನೆ" ಎಂದೆ. ಮಗಳು ಫೋನ್ ನೋಡುತ್ತಲೇ, "ಅಪ್ಪ, 2022ರಲ್ಲಿ ಡಿಎನ್‌ಎ ನೋಡಿ ಆ ಚಪ್ಪರ ಕಿತ್ತಿದ್ದಾರೆ. ಬನ್ನಿ ಪ್ರೊಸೋಪಿಸ್ಸಲ್ಲೇ ಉಳಿದಿದೆ, ಜಾಲಿಯನ್ನು ಕುಲದಿಂದ ಹೊರಹಾಕಿ ನೆಲ್ಟುಮಕ್ಕೆ ಕಳಿಸಿದ್ದಾರೆ" ಎಂದಳು.

ನಾನು ಎರ್ನ್‌ಸ್ಟ್ ಮೇಯರ್‌ನನ್ನು ಎಳೆತಂದೆ. ಸಹಜವಾಗಿ ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಬೇರೆ ಗುಂಪಿನೊಡನೆ ಪಡೆಯದ ಸಮುದಾಯವೇ ಒಂದು ಪ್ರಭೇದ ಎಂದು ಅವನು 1942ರಲ್ಲಿ ಗೆರೆ ಎಳೆದ. ಆದರೆ ಜಾಲಿಗಳು ತಮ್ಮ ನಂಟರೊಡನೆ ಧಾರಾಳವಾಗಿ ಬೆರೆಯುತ್ತವೆ. ಜೂಲಿಫ್ಲೋರ ಯಾವುದು, ಪ್ಯಾಲಿಡ ಯಾವುದು ಎಂದು ಪಂಡಿತರೇ ಅದಲುಬದಲು ಮಾಡಿದ್ದುಂಟು. ಹಾಗಿರುವಾಗ ನನ್ನದೇನು ಮಹಾಪರಾಧ? "ಇದೇ ದುಬೈಯಲ್ಲಿ 1998ರಲ್ಲಿ ಒಂಟೆಗೂ ಲಾಮಾಗೂ ರಾಮ ಎಂಬ ಮರಿಯೇ ಹುಟ್ಟಿದೆ!"

"ಅದು ಕೃತಕ ಗರ್ಭಧಾರಣೆ ಅಪ್ಪ. ಮೇಯರ್ 'ಸಹಜವಾಗಿ' ಅಂದಿದ್ದಾನೆ."

"ಮುಳ್ಳು ನೋಡ್ರಿ, ಸಾಕು" ಎಂದು ಅತ್ತೆ ಅಧಿವೇಶನ ಮುಗಿಸಿದರು. ಅವರ ವಿಧಾನ ಸಸ್ಯಶಾಸ್ತ್ರದ ಪುಸ್ತಕದ್ದೇ ಎಂದು ಆಮೇಲೆ ಗೊತ್ತಾಯಿತು. ಜಾಲಿಯ ಮುಳ್ಳು ಉದ್ದ, ಸಾಮಾನ್ಯವಾಗಿ ಎಲೆ ಹುಟ್ಟುವ ಗೆಣ್ಣಿನಲ್ಲೇ ಜೋಡಿಯಾಗಿರುತ್ತದೆ. ಬನ್ನಿಯದು ಗಿಡ್ಡ, ಗೆಣ್ಣುಗಳ ನಡುವೆ ಚದುರಿರುತ್ತದೆ.

ಮುಂದಿನ ದಸರೆಗೆ ಮುಳ್ಳು ನೋಡಿಕೊಳ್ಳಿ. ಬನ್ನಿಯೇ ಎಂದು ಖಾತ್ರಿಯಾದರೆ ಎಲೆ ಕೀಳದೆ ಕೈಮುಗಿದು ಹೊರಡಿ. ನಾನು ಹಂಚಿದ್ದನ್ನು ಬಂಗಾರವೆಂದು ದೇವರ ಮುಂದಿಟ್ಟವರು ದಯವಿಟ್ಟು ಇವತ್ತೇ ತೆಗೆದುಬಿಡಿ.